ಅಂಗಳದ ದರಗು, ಬಚ್ಚಲ ಹಂಡೆ, ಮಂಗನ ಕಾಯಿಲೆ

ನೀರು ತುಂಬುವ ಹಬ್ಬ ಬಂತೆಂದರೆ ಮಲೆನಾಡಿನ ಮನೆಗಳಲ್ಲಿ ತೊಳೆಯುವುದು, ಬಳಿಯುವುದು, ಅಟ್ಟದ ಜೇಡರಬಲೆ ಹೊಡೆಯುವುದು ಎಲ್ಲಾ ಜೋರು. ಬಚ್ಚಲ ಹಂಡೆಗೆ ಹುಣಸೆಹುಳಿ ಹಾಕಿ ತಿಕ್ಕಿ ಫಳಫಳ ಮಾಡುತ್ತಾರೆ. ಗೋಪೂಜೆಯ ದಿನ ದನಕರುಗಳಿಗೂ ಮೈ ತೊಳೆದು, ಕೊರಳಿಗೆ ಅಡಿಕೆ, ಪಚ್ಚೆತೆನೆಯ ಸರ ಹಾಕುತ್ತಾರೆ. ನೋಡಲು ಚೆಂದ. ಆದರೆ ಹಬ್ಬ ಮುಗಿದ ಮಾರನೇ ದಿನಕ್ಕೆ ಎಲ್ಲಾ ಮೊದಲಿನ ಹಾಗೇ! ಕತ್ತಿ, ಕಂಬಳಿ, ಬೆವರಿನ ಅಂಗಿ ಜಗುಲಿಯ ಗೂಟಕ್ಕೆ. ಬೆಟ್ಟದಿಂದ ತಂದ ದರಗಿನ ರಾಶಿ ಅಂಗಳದ ಮೂಲೆಗೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಮನೆ ಚೊಕ್ಕವಾಗಿಡಬೇಕಾದ ನಿಜವಾದ ಕಾಲ ಶುರುವಾಗುವುದೇ ಆ ಮಾರನೇ ದಿನದಿಂದ. ಅಲ್ಲಿಂದ ಮುಂಗಾರು ಬೀಳುವವರೆಗೆ, ಅಂದರೆ ಮೇ ಮುಗಿಯುವವರೆಗೆ, ಮಂಗನ ಕಾಯಿಲೆಯ ಕಾಲ. ಪೇಟೆಯವರಿಗೆ ಮನೆ ಶುಚಿ ಎಂದರೆ ಫಿನಾಯಿಲು, ನೆಲ ಒರೆಸುವುದು, ಕಪಾಟು ಓರಣ ಮಾಡುವುದು. ಕಾಡಿನಂಚಿನ ಮನೆಯಲ್ಲಿ ಅದು ಜೀವದ ಪ್ರಶ್ನೆ.

ಈ ಕಾಯಿಲೆ ಹೊರಗಿನಿಂದ ಬಂದದ್ದಲ್ಲ, ಪಕ್ಕದ ಮನೆಯದ್ದೇ. 1957ರ ಮಾರ್ಚ್ ಹೊತ್ತಿಗೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳು, ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲ ಹಳ್ಳಿಗಳ ಜನರಿಗೆ ಕೆಟ್ಟ ಜ್ವರ ಬಂತು. ಮಂಗ ಸಾಯುತ್ತಿವೆ ಎಂದೊಡನೆ ಆಫ್ರಿಕಾದ ಹಳದಿ ಜ್ವರವೇ ಇಂಡಿಯಾಕ್ಕೆ ಕಾಲಿಟ್ಟಿತೋ ಎಂದು ತಜ್ಞರು ಗಾಬರಿಯಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್ ಮೊದಲಾದವರು ಬಂದು ಹುಡುಕಿದ ಮೇಲೆ ತಿಳಿಯಿತು, ಇದು ಸೊಳ್ಳೆಯ ಜ್ವರವಲ್ಲ, ಉಣುಗಿನ ಜ್ವರ ಅಂತ. ರಷ್ಯಾದ ಕಾಡುಗಳಲ್ಲಿ ಉಣುಗು ಕಚ್ಚಿ ಬರುವ ಮೆದುಳುಜ್ವರದ ನೆಂಟ ಇದು. ಆಮೇಲೆ ಸಾಗರದಲ್ಲೇ ಕೇಂದ್ರ ಇಟ್ಟುಕೊಂಡು ವಿಜ್ಞಾನಿಗಳು ವರ್ಷಗಟ್ಟಲೆ ಕಾಡು ಸುತ್ತಿದರು. ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಸೇರಿಕೊಂಡದ್ದು ಹೀಗೆ. ಇಂಥ ಖ್ಯಾತಿ ಯಾವ ಊರಿಗೂ ಬೇಡ.

ಹಳೇ ಕತೆ ಎಂದು ತಳ್ಳಿಹಾಕುವ ಹಾಗಿಲ್ಲ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಣಿಸಿಕೊಂಡು, 2019ರ ಬೇಸಿಗೆಯವರೆಗೆ ಆ ಸೀಮೆಯ ಮನೆ ಮನೆಯನ್ನು ಹಿಂಡಿಹಾಕಿತು. ಒಬ್ಬರಲ್ಲ, ಇಬ್ಬರಲ್ಲ, ಹಲವರು ಹೋದರು. 2024ರ ಜನವರಿಯಲ್ಲಿ ಹೊಸನಗರ ತಾಲ್ಲೂಕಿನ 18 ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. 1990ರಿಂದ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಿಬಿಟ್ಟರು. ಹೊಸ ಲಸಿಕೆಗೆ ಐಸಿಎಂಆರ್ ಕೈಹಾಕಿದೆ. ಅದು ಹಳ್ಳಿಯ ಮನೆಬಾಗಿಲಿಗೆ ಬರುವ ತನಕ ಏನು ಗತಿ? ಕಾಯಿಲೆಗೆ ಇಂಥದ್ದೇ ಎಂಬ ಔಷಧಿಯೂ ಇಲ್ಲ. ಬಂದವರಲ್ಲಿ ನೂರಕ್ಕೆ 3ರಿಂದ 5 ಜನ ಉಳಿಯುವುದಿಲ್ಲ ಎಂಬುದು ವೈದ್ಯರ ಲೆಕ್ಕ. ಹೀಗಿರುವಾಗ ಮನೆಯವರ ಕೈಯಲ್ಲಿ ಉಳಿದಿರುವುದು ಎಣ್ಣೆ, ಬಿಸಿನೀರು, ಪೊರಕೆ.

ಮೊದಲು ದರಗಿನ ವಿಷಯ. ಮಲೆನಾಡಿನ ಒಕ್ಕಲುತನ ನಿಂತಿರುವುದೇ ಸೊಪ್ಪಿನ ಬೆಟ್ಟದ ಮೇಲೆ. ಹಸಿ ಸೊಪ್ಪು, ಒಣ ದರಗು ತಂದು ಕೊಟ್ಟಿಗೆಗೆ ಹಾಸಿ, ದನದ ಕಾಲಡಿ ತುಳಿಸಿ, ಗೊಬ್ಬರ ಮಾಡಿ ಅಡಿಕೆ ತೋಟಕ್ಕೆ ಹಾಕದಿದ್ದರೆ ತೋಟ ಉಂಟೇ? ದರಗು ತರಬೇಡಿ ಎಂದು ಸಲಹೆ ಕೊಡುವವರು ತೋಟ ಮಾಡಿದವರಲ್ಲ. ತೊಂದರೆ ಇರುವುದು ತಂದದ್ದನ್ನು ಇಡುವ ಜಾಗದಲ್ಲಿ. ಡಿಸೆಂಬರ್, ಜನವರಿ ಹೊತ್ತಿಗೆ ಕಾಡಿನ ನೆಲದ ದರಗಿನಲ್ಲೇ ಉಣುಗಿನ ಮರಿಗಳು ಕಾದು ಕೂತಿರುತ್ತವೆ. ರಾಗಿಕಾಳಿನಷ್ಟು ಗಾತ್ರ, ಕಣ್ಣಿಗೆ ಕಾಣುವುದೇ ಕಷ್ಟ. ಕಲ್ಲಿಯಲ್ಲಿ ತುಂಬಿ ಹೊತ್ತು ತಂದರೆ ಅವೂ ಸವಾರಿ ಬರುತ್ತವೆ. ರಾಶಿಯನ್ನು ಅಡುಗೆಮನೆ ಹಿಂದೆ, ಬಚ್ಚಲ ಪಕ್ಕ ಸುರಿದರೆ ಮಕ್ಕಳು ಅದರ ಮೇಲೆ ಹಾರಿ ಆಡುತ್ತವೆ, ನಾಯಿ ಅಲ್ಲೇ ಮಲಗಿ ಎದ್ದು ಒಳಗೆ ಬರುತ್ತದೆ. 2014ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಕಾಯಿಲೆ ಎದ್ದಾಗ ಮನೆ ಮನೆ ವಿಚಾರಿಸಿದ ತಜ್ಞರ ಕಣ್ಣಿಗೂ ಮನೆ ಹತ್ತಿರದ ಈ ದರಗಿನ ರಾಶಿ ಬಿದ್ದಿತ್ತು. ಕಾಡಿಗೆ ಹೋಗದವರಿಗೆ ಹೇಗೆ ಬಂತು ಎಂದು ಕೇಳುವವರು ಮನೆ ಹಿಂದೆ ಒಮ್ಮೆ ಹೋಗಿ ನೋಡಬೇಕು.

ಆದ್ದರಿಂದ ರಾಶಿ ಮನೆಯಿಂದ ದೂರ, ಕೊಟ್ಟಿಗೆಯ ಆಚೆ ಬದಿಗಿರಲಿ. ಸಾಧ್ಯವಿದ್ದವರು ಬೇಸಿಗೆಗೆ ಬೇಕಾದ ಹಾಸನ್ನು ಅಡಿಕೆ ಸಿಪ್ಪೆ, ಭತ್ತದ ಹುಲ್ಲಿನಲ್ಲೇ ಸುಧಾರಿಸಲಿ. ಮನೆ ಸುತ್ತ ನಾಲ್ಕು ಮಾರು ಜಾಗ ಗುಡಿಸಿ ಬಿಸಿಲು ಬೀಳುವಂತೆ ಇಟ್ಟರೆ ಉಣುಗಿಗೆ ಅಲ್ಲಿ ಸುಖವಿಲ್ಲ, ಅದಕ್ಕೆ ನೆರಳು, ತಂಪು ಬೇಕು. ಸೌದೆ ರಾಶಿಯೂ ಗೋಡೆಗೆ ಒತ್ತಿಕೊಂಡಿರುವುದು ಬೇಡ.

ಇಲ್ಲಿನ ಜನಕ್ಕೆ ರಕ್ತ ಹೀರುವ ಹುಳು ಹೊಸದೇನಲ್ಲ. ಮಳೆಗಾಲದ ಉಂಬಳಕ್ಕೆ ಎಷ್ಟು ಉಪಚಾರ! ಸುಣ್ಣ, ಹೊಗೆಸೊಪ್ಪು, ಉಪ್ಪಿನ ಗಂಟು ಕಟ್ಟಿಕೊಂಡೇ ಗದ್ದೆಗೆ ಇಳಿಯುವುದು. ಉಂಬಳ ಕಚ್ಚಿದರೆ ನೆತ್ತರು ಹರಿಯುತ್ತದೆ, ಕಾಣುತ್ತದೆ, ಹೆದರಿಕೆಯಾಗುತ್ತದೆ. ಆದರೆ ಉಂಬಳ ಕಚ್ಚಿ ಸತ್ತವರನ್ನು ಕಂಡವರಿಲ್ಲ. ಉಣುಗು ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ತುರಿಕೆ ಬಂದರೆ ಬಂತು. ಅದಕ್ಕೆ ಮಾತ್ರ “ಎಂತ ಆಗ್ತದೆ ಮಾರಾಯ, ನಮ್ಮಜ್ಜನ ಕಾಲದಿಂದ ಕಚ್ತಾ ಬಂದಿದೆ” ಎಂಬ ಉಡಾಫೆ!

ಕಾಡಿಗೋ ಬೆಟ್ಟಕ್ಕೋ ಹೋಗುವ ಮೊದಲು ಕೈಕಾಲು, ಕುತ್ತಿಗೆಗೆ ಡೆಪಾ ತೈಲ ಹಚ್ಚಬೇಕು. ಹಿಂದೆ ಡಿಎಂಪಿ ಎಣ್ಣೆ ಎಂದು ಕೊಡುತ್ತಿದ್ದರು, ಕೆಲವರ ಬಾಯಲ್ಲಿ ಈಗಲೂ ಅದೇ ಹೆಸರು. ಕಣ್ಣಿಗೆ, ಬಾಯಿಗೆ ತಾಗಬಾರದು. ತುಂಬುತೋಳಿನ ಅಂಗಿ, ಪಂಚೆಯ ಬದಲು ಪ್ಯಾಂಟು, ಅದರ ತುದಿ ಕಾಲುಚೀಲದೊಳಗೆ. ನೋಡಿದವರು ನಗಲಿ. ತೈಲ ಒಮ್ಮೆ ಹಚ್ಚಿದರೆ ಇಡೀ ದಿನಕ್ಕೆ ಬರುವುದಿಲ್ಲ, ಬೆವರಿನ ಜೊತೆ ಹೋಗುತ್ತದೆ. ಬುತ್ತಿಯ ಜೊತೆ ಸೀಸೆಯೂ ಚೀಲದಲ್ಲಿರಬೇಕು.

ಮನೆಗೆ ಬಂದ ಮೇಲಿನ ಕ್ರಮ ಇನ್ನೂ ಮುಖ್ಯ. ಕಾಡಿನ ಬಟ್ಟೆಯಲ್ಲಿ ಜಗುಲಿ ಹತ್ತಬಾರದು. ಅದೇ ಬಟ್ಟೆಯಲ್ಲಿ ಕೂತು ಕಾಫಿ ಕುಡಿದು, ಕವಳ ಹಾಕಿ, ಆಮೇಲೆ ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳುವುದು ಮನೆಗೇ ಕಾಯಿಲೆ ಹಂಚಿದ ಹಾಗೆ. ನೇರ ಬಚ್ಚಲಿಗೆ. ಬಿಚ್ಚಿದ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ, ಒಗೆದು ಬಿಸಿಲಿಗೆ ಒಣಹಾಕಬೇಕು. ತಣ್ಣೀರಲ್ಲಿ ನೆನೆಸಿಟ್ಟರೆ ಸಾಯುವ ಜೀವವಲ್ಲ ಅದು. ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡುವಾಗ ಕಂಕುಳು, ತೊಡೆಸಂದು, ಸೊಂಟದ ದಾರದ ಅಡಿ, ಕಿವಿಯ ಹಿಂದೆ, ಮೊಣಕಾಲ ಹಿಂದೆ ಬೆರಳಾಡಿಸಿ ನೋಡಬೇಕು. ಬೆನ್ನು ನೋಡಲು ಮನೆಯವರೇ ಆಗಬೇಕು, ನಾಚಿಕೆ ಬೇಡ. ಕಚ್ಚಿಕೊಂಡಿದ್ದರೆ ಬೀಡಿ ಕೆಂಡ ಇಡುವುದು, ಸೀಮೆಎಣ್ಣೆ ಬಿಡುವುದು, ಉಗುರಲ್ಲಿ ಒರೆಯುವುದು ಮಾಡಬಾರದು. ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೆಟ್ಟಗೆ ಎಳೆದು ತೆಗೆಯಬೇಕು, ಆ ಜಾಗವನ್ನು ಸೋಪಿನಲ್ಲಿ ತೊಳೆಯಬೇಕು.

ಹೇಳುವುದು ಸುಲಭ ಎಂಬುದೂ ಗೊತ್ತಿರಬೇಕು. ದಿನಾ ಸಂಜೆ ಹಂಡೆ ನೀರು ಕಾಯಿಸುವವರು ಯಾರು? ಮನೆಯ ಹೆಂಗಸರೇ. ಬೆಳಿಗ್ಗೆ ಕೊಟ್ಟಿಗೆ ಕೆಲಸ, ಹಗಲು ಕೂಲಿ, ಸಂಜೆ ಗಂಡಸರ ಬಟ್ಟೆಯನ್ನೂ ಕುದಿಸು ಎಂದರೆ ಆಕೆಗೆ ಸ್ವಂತ ಮೈ ನೋಡಿಕೊಳ್ಳಲು ಪುರುಸೊತ್ತು ಎಲ್ಲಿದೆ? ಸೊಪ್ಪು, ದರಗು, ಸೌದೆಗೆಂದು ಬೆಟ್ಟ ಹತ್ತುವವರಲ್ಲೂ ಹೆಂಗಸರು ಕಡಿಮೆಯಿಲ್ಲ. ಆಕೆಯ ಸೀರೆ, ನೈಟಿಗೂ ಅದೇ ಬಿಸಿನೀರು ಬೇಕು. ತನ್ನ ಬಟ್ಟೆಯನ್ನು ತಾನೇ ಕುದಿಯುವ ನೀರಿಗೆ ಹಾಕಿದರೆ ಗಂಡಸಿನ ಮಾನ ಹೋಗುವುದಿಲ್ಲ.

ಇನ್ನೊಂದು ವಿಚಿತ್ರ ನೋಡಿ. ನೀರು ಕಾಯಿಸಲು ಸೌದೆ ಬೇಕು, ಸೌದೆಗೆ ಕಾಡಿಗೇ ಹೋಗಬೇಕು! ಗ್ಯಾಸಿನಲ್ಲಿ ಸ್ನಾನದ ನೀರು ಕಾಯಿಸುವ ಅನುಕೂಲ ಕೂಲಿಕಾರರ ಮನೆಗೆಲ್ಲಿದೆ? ಬೇರೆ ಬಚ್ಚಲೇ ಇಲ್ಲದ ಒಂದಂಕಣದ ಮನೆಗಳೂ ಇವೆ. ಆಳುಗಳನ್ನು ಬೆಟ್ಟಕ್ಕೆ ಕಳಿಸುವ ತೋಟದ ಸಾಹುಕಾರರು ತಮ್ಮ ಹಂಡೆಯ ನಾಲ್ಕು ಕೊಡ ಬಿಸಿನೀರು ಕೊಟ್ಟು ಕಳಿಸಿದರೆ ಕಳೆದುಕೊಳ್ಳುವುದು ಏನೂ ಇಲ್ಲ.

ದನಗಳ ಮಾತು ಬೇರೆಯೇ ಇದೆ. ಬೆಳೆದ ಉಣುಗಿಗೆ ದನವೇ ಊಟದ ಮನೆ. ಮಳೆಗಾಲದಲ್ಲಿ ದನದ ರಕ್ತ ಕುಡಿದು ನೆಲಕ್ಕೆ ಬಿದ್ದು ಮೊಟ್ಟೆ ಇಟ್ಟದ್ದರ ಸಂತಾನವೇ ಬೇಸಿಗೆಯಲ್ಲಿ ಮನುಷ್ಯನನ್ನು ಕಚ್ಚುವುದು. ದನಕ್ಕೆ ಮಂಗನ ಕಾಯಿಲೆ ಬಂದು ಸಾಯುವುದಿಲ್ಲ, ಹಾಗಾಗಿ ಒಡೆಯನಿಗೆ ಗೊತ್ತಾಗುವುದೂ ಇಲ್ಲ. ಗೋಪೂಜೆಯ ಒಂದು ದಿನದ ಸ್ನಾನ ಸಾಲದು. ಪಶು ಆಸ್ಪತ್ರೆಯಲ್ಲಿ ಕೇಳಿ, ಉಣುಗು ಬಿಡಿಸುವ ಔಷಧಿಯನ್ನು ಹೊತ್ತು ಹೊತ್ತಿಗೆ ಹಾಕಿಸಬೇಕು. ಅಂಗಡಿಯಿಂದ ಕೀಟನಾಶಕ ತಂದು ಅಂದಾಜಿನಲ್ಲಿ ಸುರಿಯುವ ಸಾಹಸ ಬೇಡ, ದನವೂ ಹೋದೀತು.

ಇಷ್ಟೆಲ್ಲ ಮನೆಯವರಿಗೆ ಹೇಳಿದ ಮೇಲೆ ಸರ್ಕಾರಕ್ಕೂ ಒಂದು ಮಾತು. ತೈಲದ ಸೀಸೆ ಆಶಾ ಕಾರ್ಯಕರ್ತೆಯ ಕೈ ಸೇರಬೇಕಾದ್ದು ನವೆಂಬರಿನಲ್ಲಿ. ಸಾವಿನ ಸುದ್ದಿ ಬಂದು, ಮಂತ್ರಿಗಳ ಕಾರು ಬಂದು ಹೋದ ಮೇಲೆ ಫೆಬ್ರವರಿಯಲ್ಲಿ ಬರುವ ಸೀಸೆ ಯಾರಿಗೆ? ಮನೆಗೊಂದು ಸೀಸೆ ಎಂಬ ಲೆಕ್ಕವೂ ಸರಿಯಲ್ಲ, ಬೆಟ್ಟಕ್ಕೆ ಹೋಗುವ ತಲೆಗೊಂದು ಬೇಕು. ಕೊನೆಕೊಯ್ಲಿಗೆಂದು ಬೇರೆ ಜಿಲ್ಲೆಯಿಂದ ಬಂದ ಕೂಲಿಯವರ ಹೆಸರು ಇಲ್ಲಿನ ಪಟ್ಟಿಯಲ್ಲಿ ಇರುವುದಿಲ್ಲ. ಆದರೆ ಪಟ್ಟಿ ನೋಡಿ ಕಚ್ಚುವಷ್ಟು ಓದು ಉಣುಗಿಗಿಲ್ಲ.

ಬಸ್ಸಿನಲ್ಲಿ ಓಡಾಡುವವರ ಬಾಯಲ್ಲಿ ಇನ್ನೊಂದು ಹೆದರಿಕೆ ಇದೆ. ಕಾಯಿಲೆ ಎದ್ದ ಊರಿನವರು ಹತ್ತಿದರೆ ಸೀಟು ಬಿಟ್ಟು ಏಳಬೇಕೇ? ಬೇಡ. ಇದು ಒಬ್ಬರಿಂದ ಒಬ್ಬರಿಗೆ ಉಸಿರಿನಿಂದಾಗಲಿ, ಮುಟ್ಟಿದ್ದರಿಂದಾಗಲಿ ಹರಡುವುದಿಲ್ಲ. ಆ ಊರಿನವರು ಅಂಗಡಿಗೆ ಬಂದರೆ ಸಾಮಾನು ದೂರದಿಂದ ಎಸೆಯುವುದು ಅಜ್ಞಾನ ಮಾತ್ರವಲ್ಲ, ಕ್ರೌರ್ಯ. ಸತ್ತ ಮಂಗ ಕಂಡರೆ ಮಾತ್ರ ಹತ್ತಿರ ಹೋಗಬಾರದು. ಮಂಗ ತಣ್ಣಗಾದ ಮೇಲೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲೂ ಹರಡಿರುತ್ತವೆ. ಹೂಳುವ ಪುಣ್ಯದ ಕೆಲಸಕ್ಕೆ ಕೈಹಾಕದೆ ಪಂಚಾಯ್ತಿಗೋ, ಆರೋಗ್ಯ ಕೇಂದ್ರಕ್ಕೋ, ಫಾರೆಸ್ಟಿನವರಿಗೋ ತಿಳಿಸಿದರೆ ಅವರು ಬಂದು ಸುಟ್ಟು, ಸುತ್ತ 50 ಅಡಿ ಮೆಲಾಥಿಯಾನ್ ಪುಡಿ ಹಾಕುತ್ತಾರೆ.

ಅಂಗಡಿಯವರಿಗೆ ಬೇರೆಯೇ ಹೊಣೆ ಇದೆ. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ, ತಡೆಯಲಾಗದ ತಲೆನೋವು, ಸೊಂಟ ಮುರಿದಂಥ ಮೈಕೈ ನೋವು. ಕೂಲಿಯಾಳು ಮೊದಲು ಬರುವುದು ಆಸ್ಪತ್ರೆಗಲ್ಲ, ಬಸ್‌ಸ್ಟ್ಯಾಂಡಿನ ಗೂಡಂಗಡಿಗೆ. “ಒಂದು ನೋವಿನ ಗುಳಿಗೆ ಕೊಡಿ, ನಾಳೆ ಕೆಲಸಕ್ಕೆ ಹೋಗ್ಬೇಕು” ಅಂತ. ಆ ಗುಳಿಗೆ ಆಸ್ಪಿರಿನ್ ಜಾತಿಯದ್ದಾದರೆ, ಮೊದಲೇ ರಕ್ತ ಸೋರುವ ಈ ಕಾಯಿಲೆಯಲ್ಲಿ ಅದು ಇನ್ನೂ ಕೇಡು ಮಾಡುತ್ತದೆ. ಡಿಸೆಂಬರಿನಿಂದ ಮೇವರೆಗೆ ಜ್ವರವೆಂದು ಬಂದವನಿಗೆ ಅಂಗಡಿಯವರು ಗುಳಿಗೆ ಕೊಡುವ ಬದಲು “ಬೆಟ್ಟಕ್ಕೆ ಹೋಗಿದ್ಯಾ?” ಎಂದು ಒಂದು ಪ್ರಶ್ನೆ ಕೇಳಲಿ. ಹೌದೆಂದರೆ ಮುಂದಿನ ಬಸ್ಸಿಗೆ ಆಸ್ಪತ್ರೆಗೆ ಹತ್ತಿಸಲಿ. ಅಲ್ಲಿ ರಕ್ತ ತೆಗೆದು ಶಿವಮೊಗ್ಗದ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಜ್ವರ ಬಿಟ್ಟಿತೆಂದು ಎದ್ದು ಓಡಾಡಿದವರಲ್ಲೂ ಕೆಲವರಿಗೆ ಒಂದೆರಡು ವಾರದ ಮೇಲೆ ಅದು ಮರುಕಳಿಸಿ ತಲೆಗೇರುವುದುಂಟು. ಅಲ್ಲಿಯವರೆಗೂ ಅಂಥವರನ್ನು ಬೆಟ್ಟಕ್ಕೆ, ಕೆಲಸಕ್ಕೆ ಕರೆಯದೆ ಮನೆಯಲ್ಲೇ ಮಲಗಿರಲು ಬಿಡಬೇಕು.