ಚಿತ್ತಭ್ರಮೆಯ ದ್ರವ್ಯವೂ ವೈದ್ಯರ ಎಣಿಕೆಯೂ
ಎಲ್.ಎಸ್.ಡಿ.ಯಂತಹ ಚಿತ್ತಭ್ರಾಮಕ ದ್ರವ್ಯಗಳನ್ನು ಸೇವಿಸಿದವರಲ್ಲಿ ಎಷ್ಟು ಮಂದಿಗೆ ಕೇಡಾಗುತ್ತದೆಂಬ ಪ್ರಶ್ನೆಗೆ, ನಮ್ಮ ಪೆರೇಸಂದ್ರದ ವೈದ್ಯರಾಗಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರಾಗಲಿ ತಾವು ಕಂಡ ರೋಗಿಗಳ ಲೆಕ್ಕವೊಂದರಿಂದಲೇ ಉತ್ತರ ಕೊಡಲಾರರು. ಏಕೆಂದರೆ ಬಾಧೆಯಿಲ್ಲದೆ ಮನೆಗೆ ಮರಳಿದವನು ಆಸ್ಪತ್ರೆಯ ಬಾಗಿಲಿಗೆ ಬಾರನು, ನರಳಿದವನೂ 1985ರ ಮಾದಕದ್ರವ್ಯ ಕಾಯಿದೆಗೆ ಅಂಜಿ ಬಾಯಿ ಬಿಡನು. 1960ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಕೋಹೆನ್ ಅವರು, ಎಲ್.ಎಸ್.ಡಿ.ಯನ್ನೂ ಮೆಸ್ಕಲೀನನ್ನೂ ಪ್ರಯೋಗಾರ್ಥವಾಗಿ ನೀಡುತ್ತಿದ್ದ ಸಂಶೋಧಕರನ್ನೇ ವಿಚಾರಿಸಿ, ಸುಮಾರು 5,000 ಮಂದಿಗೆ 25,000 ಬಾರಿ ಕೊಟ್ಟುದರ ವಿವರವನ್ನು ಒಟ್ಟುಗೂಡಿಸಿದಾಗ, ಎರಡು ದಿನಗಳನ್ನೂ ಮೀರಿ ನಿಂತ ಚಿತ್ತವಿಕಾರವು ಸ್ವಯಂಸೇವಕರಲ್ಲಿ ಸಾವಿರಕ್ಕೆ 0.8ರಷ್ಟು, ಮನೋಚಿಕಿತ್ಸೆಯಲ್ಲಿದ್ದ ರೋಗಿಗಳಲ್ಲಿ 1.8ರಷ್ಟು ಕಂಡುಬಂದಿತು. ಈ ಅಲ್ಪಸಂಖ್ಯೆಯನ್ನು ಅಭಯಪತ್ರವೆಂದು ಬಗೆಯುವುದು ತಪ್ಪೆಂದೇ ನನ್ನ ದೃಢವಾದ ಅಭಿಪ್ರಾಯ: ಅಲ್ಲಿ ದ್ರವ್ಯ ಶುದ್ಧ, ಪ್ರಮಾಣ ನಿಯತ, ಬಳಿಯಲ್ಲೇ ವೈದ್ಯ, ಇಲ್ಲಿ ಎಲ್.ಎಸ್.ಡಿ.ಯ ಹೆಸರಿನಲ್ಲಿ ಹುಡುಗರ ಕೈಸೇರುವ ಕಾಗದದ ಚೂರಿನಲ್ಲಿ ಏನಿದೆಯೆಂದು ಮಾರುವವನೂ ಅರಿಯನು. ನಮ್ಮ ಬಯಲುಸೀಮೆಯ ಬೇಲಿಯ ಬದಿಯಲ್ಲಿ ಬೆಳೆಯುವ ಉಮ್ಮತ್ತಿಯ ವಿಷವಾದರೋ ಬೇರೆಯೇ ಜಾತಿಯದು. ಅದನ್ನು ತಿಂದವನ ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ಮೈ ಕಾದು, ಕಂಡವರ ಗುರುತೂ ತಪ್ಪುತ್ತದೆ. ಎರಡನ್ನೂ ಒಂದೇ ಕಡತಕ್ಕೆ ಸೇರಿಸಿದರೆ ಎಣಿಕೆಯೂ ಕೆಟ್ಟೀತು, ಚಿಕಿತ್ಸೆಯೂ ಕೆಟ್ಟೀತು. ಇನ್ನು ಕಾಯಿದೆಯ ಅಂಜಿಕೆಯ ಮಾತಿಗೆ ಬಂದರೆ, ಅಲ್ಪಪ್ರಮಾಣದ ದ್ರವ್ಯದ ತಪ್ಪಿಗೆ ಸಿಲುಕಿದ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರ್ಣಗೊಳಿಸಿದರೆ 1985ರ ಅದೇ ಕಾಯಿದೆಯ 64ಎ ಪ್ರಕರಣವು ಅವನಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ; ಆದುದರಿಂದ ಮಗನು ಏನು ತಿಂದನೆಂಬುದನ್ನು ವೈದ್ಯರಿಂದ ಮರೆಮಾಚಬೇಡಿರೆಂದು ಹೆತ್ತವರಲ್ಲಿ ಕೈಮುಗಿದು ಬೇಡುತ್ತೇನೆ.