ಬಾಣಂತಿಗೆ ವಿಶ್ರಾಂತಿ ಬೇಕು, ಬಂಧನ ಬೇಡ

ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ದೇಹಕ್ಕಿರುವ ದೊಡ್ಡ ರಕ್ಷಣೆ. ಆ ಗುಣವಿಲ್ಲದಿದ್ದರೆ ಕುಡುಗೋಲು ತಾಗಿದ ಸಣ್ಣ ಗಾಯವೂ ಪ್ರಾಣಕ್ಕೆ ಎರವಾಗುತ್ತಿತ್ತು. ಆದರೆ ಅದೇ ರಕ್ತ ತಾನು ಹರಿಯಬೇಕಾದ ನಾಳದೊಳಗೇ ಹೆಪ್ಪುಗಟ್ಟಿ ನಿಂತರೆ ರಕ್ಷಕನೇ ಭಕ್ಷಕನಾಗುತ್ತಾನೆ. ಹೃದಯಾಘಾತ, ಸಕ್ಕರೆ ಕಾಯಿಲೆಗಳ ಕುರಿತು ಮನೆಮನೆಯಲ್ಲಿ ಮಾತನಾಡುವ ನಾವು ಈ ಕಾಯಿಲೆಯ ವಿಷಯದಲ್ಲಿ ಮಾತ್ರ ಇನ್ನೂ ಅಜಾಗರೂಕರಾಗಿದ್ದೇವೆ. ಒಂದು ಕಾಲು ಬಾತು ನೋಯತೊಡಗಿದರೆ 'ನರ ಹಿಡಿದಿದೆ' ಎಂದು ಎಣ್ಣೆ ಹಚ್ಚಿ ತಿಕ್ಕುತ್ತೇವೆ. ಆಡುಮಾತಿನಲ್ಲಿ ರಕ್ತನಾಳವೂ ನರವೇ, ಸ್ಪರ್ಶ ಮತ್ತು ನೋವನ್ನು ತಿಳಿಸುವ ತಂತುವೂ ನರವೇ ಆಗಿರುವುದರಿಂದ ಈ ಗೊಂದಲ ಸಹಜವಾದುದೇ. ಆದರೆ ಅದರ ಪರಿಣಾಮ ಸಣ್ಣದಲ್ಲ.

ದೇಹದ ರಕ್ತವನ್ನು ಹೃದಯಕ್ಕೆ ಮರಳಿ ತರುವ ನಾಳಗಳಿಗೆ ಅಭಿಧಮನಿಗಳೆಂದು ಹೆಸರು. ಚರ್ಮದ ಅಡಿಯಲ್ಲಿರುವ ಅಭಿಧಮನಿಗೆ ಉರಿಯೂತವಾದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ನೋಯುವ ಹುರಿಯಂತೆ ಗಟ್ಟಿಯಾಗುತ್ತದೆ. ಕಾಲಿನಲ್ಲಿ ಉಬ್ಬಿದ ನಾಳಗಳಿರುವವರಿಗೆ, ಬಹುದಿನ ಸಲೈನ್ ಹಾಕಿಸಿಕೊಂಡ ಕೈಗೆ ಇದು ಬರುವುದುಂಟು. 'ಶಕ್ತಿಗಾಗಿ' ಎಂದು ಅನಗತ್ಯವಾಗಿ ಸಲೈನ್ ಹಾಕಿಸಿಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು. ಈ ಉರಿಯೂತ ಸಾಮಾನ್ಯವಾಗಿ ಗುಣವಾಗುತ್ತದೆಯಾದರೂ ಕೆಲವೊಮ್ಮೆ ಆಳದ ನಾಳಗಳಿಗೆ ಹಬ್ಬುತ್ತದೆ. ನಿಜವಾದ ಗಂಡಾಂತರವಿರುವುದು ಸ್ನಾಯುಗಳ ನಡುವಿನ ಆ ಆಳದ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿದಾಗ. ಆ ಹೆಪ್ಪಿನ ಒಂದು ತುಣುಕು ಕಳಚಿಕೊಂಡು, ಹೃದಯದ ಬಲಭಾಗವನ್ನು ಹಾದು, ಶ್ವಾಸಕೋಶದ ರಕ್ತನಾಳವನ್ನು ಮುಚ್ಚಿದರೆ ನಿಮಿಷಗಳಲ್ಲಿ ಪ್ರಾಣ ಹೋಗಬಹುದು.

ಇದಕ್ಕೆ ಕಾರಣಗಳೇನು? ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಸಾಗಬಲ್ಲದೆಂದು 19ನೆಯ ಶತಮಾನದಲ್ಲಿ ವಿವರಿಸಿದವರು ಜರ್ಮನಿಯ ವೈದ್ಯವಿಜ್ಞಾನಿ ರುಡಾಲ್ಫ್ ವಿರ್ಚೋ. ಮೂರು ಮೂಲಕಾರಣಗಳನ್ನು ವೈದ್ಯಲೋಕ ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತದೆ. ರಕ್ತದ ಹರಿವು ನಿಧಾನವಾಗುವುದು ಮೊದಲನೆಯದು. ನಾಳದ ಒಳಗೋಡೆಗೆ ಪೆಟ್ಟಾಗುವುದು ಎರಡನೆಯದು. ರಕ್ತದ ಹೆಪ್ಪುಗಟ್ಟುವ ಗುಣವೇ ಹೆಚ್ಚುವುದು ಮೂರನೆಯದು. ಅವರು ಜನಿಸಿದ ಅಕ್ಟೋಬರ್ 13ನ್ನು 2014ರಿಂದ ವಿಶ್ವ ಥ್ರಾಂಬೋಸಿಸ್ ದಿನವೆಂದು ಆಚರಿಸಲಾಗುತ್ತಿದೆ.

ಕಾಲಿನ ರಕ್ತ ಭೂಮಿಯ ಸೆಳೆತಕ್ಕೆ ಎದುರಾಗಿ ಮೇಲೇರಬೇಕು. ನಾವು ನಡೆಯುವಾಗ ಮೀನಖಂಡದ ಸ್ನಾಯುಗಳು ನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ನೂಕುತ್ತವೆ. ನಾಳದೊಳಗಿನ ಕವಾಟಗಳು ಅದನ್ನು ಕೆಳಗಿಳಿಯಗೊಡುವುದಿಲ್ಲ. ಊರ ಕೈಪಂಪನ್ನು ಒತ್ತುವವರಿಲ್ಲದಿದ್ದರೆ ನೀರು ಮೇಲೇರದಂತೆ, ಕಾಲು ಆಡದಿದ್ದರೆ ರಕ್ತವೂ ಅಲ್ಲೇ ತಂಗುತ್ತದೆ. ಶಸ್ತ್ರಚಿಕಿತ್ಸೆಯಾಗಿ ಮಲಗಿದವರು, ಸೊಂಟ ಅಥವಾ ತೊಡೆಯ ಮೂಳೆ ಮುರಿದವರು, 4 ಗಂಟೆಗೂ ಹೆಚ್ಚು ಕಾಲ ಬಸ್ಸು, ರೈಲು, ವಿಮಾನಗಳಲ್ಲಿ ಕಾಲಾಡಿಸದೆ ಕುಳಿತವರು ಅಪಾಯಕ್ಕೆ ಒಳಗಾಗುವುದು ಈ ಕಾರಣದಿಂದಲೇ. ವಯಸ್ಸು, ಸ್ಥೂಲಕಾಯ, ಧೂಮಪಾನ, ಕ್ಯಾನ್ಸರ್, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳು, ಮನೆತನದಲ್ಲಿ ಈ ಕಾಯಿಲೆ ಬಂದಿರುವುದು, ಹಿಂದೊಮ್ಮೆ ತಮಗೇ ಬಂದಿರುವುದು, ಇವೂ ಅಪಾಯವನ್ನು ಹೆಚ್ಚಿಸುತ್ತವೆ.

ಆದರೆ ಈ ಮೂರು ಕಾರಣಗಳೂ ಒಟ್ಟಿಗೆ ಬಂದು ಸೇರುವ ಒಂದು ಜಾಗವಿದೆ. ಅದು ನಮ್ಮ ಮನೆಗಳ ಬಾಣಂತಿಯ ಕೋಣೆ. ಈ ಲೇಖನವನ್ನು ನಾವು ಬರೆಯುತ್ತಿರುವುದು ಮುಖ್ಯವಾಗಿ ಅದಕ್ಕಾಗಿ.

ಹೆರಿಗೆಯಲ್ಲಿ ರಕ್ತಸ್ರಾವ ಮಿತಿಮೀರದಿರಲೆಂದು ಪ್ರಕೃತಿಯೇ ಗರ್ಭಿಣಿಯ ರಕ್ತದ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸಿರುತ್ತದೆ. ಹೆರಿಗೆಯ ಸಂದರ್ಭದಲ್ಲಿ, ಶಸ್ತ್ರಕ್ರಿಯೆಯಾದರಂತೂ ಇನ್ನೂ ಹೆಚ್ಚಾಗಿ, ನಾಳಗಳಿಗೆ ಪೆಟ್ಟಾಗಿರುತ್ತದೆ. ಆದ್ದರಿಂದ ಹೆರಿಗೆಯ ಅನಂತರದ ಮೊದಲ 6 ವಾರಗಳಲ್ಲಿ ಈ ಅಪಾಯ ಗರ್ಭಾವಸ್ಥೆಗಿಂತಲೂ ಅಧಿಕ. ಇಂಥ ಹೊತ್ತಿನಲ್ಲಿ ನಾವು ಮಾಡುವುದೇನು? 'ಹೊರಸಿನಿಂದ ಇಳಿಯಬೇಡ' ಎನ್ನುತ್ತೇವೆ. ಕಿಟಕಿ ಮುಚ್ಚಿ, ಕೆಂಡವಿಟ್ಟು, ತಲೆಗೆ ಬಟ್ಟೆ ಕಟ್ಟಿ ಬೆವರಿಳಿಸುತ್ತೇವೆ. ಹೊಟ್ಟೆ ಜೋತುಬೀಳುತ್ತದೆ, ಕೂಸಿಗೆ ನೆಗಡಿಯಾಗುತ್ತದೆ ಎಂದು ಕುಡಿಯುವ ನೀರನ್ನೂ ಅಳೆದು ಕೊಡುತ್ತೇವೆ. ಪ್ರಕೃತಿ ಎರಡು ಕಾರಣಗಳನ್ನು ತಂದಿಟ್ಟಿದ್ದರೆ ಮೂರನೆಯದನ್ನು ನಮ್ಮ ಕೈಯಾರೆ ಕೂಡಿಸುತ್ತೇವೆ. ನೀರಿಲ್ಲದೆ ರಕ್ತವನ್ನು ಇನ್ನಷ್ಟು ಮಂದವಾಗಿಸುತ್ತೇವೆ.

ಹೆಪ್ಪು ಕಾಲಿನಲ್ಲಿಯೇ ಆಗಬೇಕೆಂದಿಲ್ಲ. ಬಾಣಂತಿಯರ ಮೆದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಭಾರತದ ನರರೋಗ ತಜ್ಞರು ದಶಕಗಳಿಂದ ದಾಖಲಿಸುತ್ತ ಬಂದಿದ್ದಾರೆ. ದೇಹದಲ್ಲಿ ನೀರಿನಂಶ ಕುಗ್ಗುವುದನ್ನೂ ರಕ್ತಹೀನತೆಯನ್ನೂ ಅದರ ಕಾರಣಗಳ ಸಾಲಿನಲ್ಲಿ ಎಣಿಸಿದ್ದಾರೆ. ತಡೆಯಲಾಗದ ತಲೆನೋವು, ವಾಂತಿ, ದೃಷ್ಟಿ ಮಂಜಾಗುವುದು, ಫಿಟ್ಸ್, ಒಂದು ಕೈ ಅಥವಾ ಕಾಲು ಸೋಲುವುದು ಅದರ ಲಕ್ಷಣಗಳು. ಇವುಗಳನ್ನು ಕಂಡಾಗ 'ಬಾಣಂತಿ ಸನ್ನಿ', 'ಗಾಳಿ ಸೋಕಿದೆ' ಎಂದು ಯಂತ್ರ, ತಾಯಿತಗಳಿಗೆ ಅಲೆಯುವಷ್ಟರಲ್ಲಿ ಬದುಕಿಸಬಹುದಾದ ಗಳಿಗೆ ಮೀರಿಹೋಗುತ್ತದೆ.

ನಾವು ಹಿರಿಯರ ಪದ್ಧತಿಯನ್ನು ಹಳಿಯುತ್ತಿಲ್ಲ. ಹೊಲ, ಮನೆ, ನೀರು ಹೊರುವ ದುಡಿಮೆಗಳಿಂದ ಹೆಣ್ಣುಮಗಳನ್ನು ಕೆಲವು ತಿಂಗಳಾದರೂ ಬಿಡಿಸಿದ ಆ ವ್ಯವಸ್ಥೆಯಲ್ಲಿ ದೊಡ್ಡ ಅಂತಃಕರಣವಿತ್ತು. ಅಂಟಿನುಂಡೆ, ಬಿಸಿಯೂಟ, ಎಣ್ಣೆನೀರು, ತವರಿನ ಆರೈಕೆ ಎಲ್ಲವೂ ಇರಲಿ. ಆದರೆ ವಿಶ್ರಾಂತಿಯೆಂದರೆ ದುಡಿಮೆಯಿಂದ ಬಿಡುವು, ಚಲನೆಯಿಂದ ಬಿಡುವಲ್ಲ.

ಸಹಜ ಹೆರಿಗೆಯಾದವಳು ಅದೇ ದಿನ ಎದ್ದು ನಾಲ್ಕು ಹೆಜ್ಜೆ ನಡೆಯಬಹುದು. ಶಸ್ತ್ರಕ್ರಿಯೆಯಾದವಳನ್ನೂ ವೈದ್ಯರು ಸಾಮಾನ್ಯವಾಗಿ ಒಂದು ದಿನದೊಳಗೆ ಎಬ್ಬಿಸಿ ನಡೆಸುತ್ತಾರೆ. ಮನೆಗೆ ಬಂದ ಮೇಲೆ ನಾವು ಅದನ್ನು ನಿಲ್ಲಿಸಬಾರದು. ಮಲಗಿದ್ದಾಗಲೂ ಪಾದಗಳನ್ನು ಮೇಲೆ ಕೆಳಗೆ ಆಡಿಸಲಿ. ಹಾಲೂಡುವ ತಾಯಿಗೆ ನೀರಿನ ಅಗತ್ಯ ಇತರರಿಗಿಂತ ಹೆಚ್ಚು. ಕಾಯಿಸಿದ ನೀರಾದರೂ ಸರಿ, ವೈದ್ಯರು ಮಿತಿ ಹೇಳದಿದ್ದರೆ, ಬಾಯಾರಿದಷ್ಟೂ ಕುಡಿಯಲಿ.

ಬಾಣಂತಿಯಾಗಲಿ, ಮುದುಕರಾಗಲಿ, ಒಂದೇ ಕಾಲು ಬಾತು ಬಿಸಿಯಾಗಿ ಮೀನಖಂಡ ನೋಯುತ್ತಿದ್ದರೆ ಆ ಕಾಲನ್ನು ತಿಕ್ಕಲೇಬಾರದು. ತಿಕ್ಕಿದರೆ ಹೆಪ್ಪು ಕಳಚಿ ಮೇಲೇರುವ ಭಯವಿದೆ. ಒಡನೆಯೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಡಾಪ್ಲರ್ ಸ್ಕ್ಯಾನಿನಿಂದ ಕಾಯಿಲೆ ತಿಳಿಯುತ್ತದೆ. ಹಠಾತ್ತನೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ನೊಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಕ್ಷಣವೂ ಕಾಯದೆ 108ಕ್ಕೆ ಕರೆ ಮಾಡಬೇಕು. ಹೆಪ್ಪು ಬೆಳೆಯದಂತೆ ತಡೆಯುವ ಔಷಧಗಳಿವೆ. ಅವುಗಳನ್ನು ಸಾಮಾನ್ಯವಾಗಿ ಕನಿಷ್ಠ 3 ತಿಂಗಳು ತೆಗೆದುಕೊಳ್ಳಬೇಕಾಗುತ್ತದೆ. ಬಾವು ಇಳಿಯಿತೆಂದು ತಾವಾಗಿ ಬಿಡಬಾರದು.

ಬಾಣಂತಿಯ ಕೋಣೆಯಲ್ಲಿ ವೈದ್ಯರ ಮಾತಿಗಿಂತ ತಾಯಿಯ, ಅತ್ತೆಯ ಮಾತೇ ಹೆಚ್ಚು ನಡೆಯುತ್ತದೆ. ಆದ್ದರಿಂದ ನಮ್ಮ ವಿನಂತಿಯೂ ಆ ಹಿರಿಯ ತಾಯಂದಿರಲ್ಲೇ. ಮಗಳು ನೀರು ಬೇಡಿದಾಗ ತುಂಬಿದ ತಂಬಿಗೆಯನ್ನೇ ಕೊಡಿ. ಕೂಸನ್ನು ನೀವು ಎತ್ತಿಕೊಂಡು, ಅವಳು ಪಡಸಾಲೆಯಲ್ಲಿ ನಾಲ್ಕು ಸುತ್ತು ನಡೆದು ಬರಲಿ. ನಿಮ್ಮ ಆರೈಕೆಗೆ ಇದರಿಂದ ಕುಂದೇನೂ ಬರುವುದಿಲ್ಲ; ಅದು ಪೂರ್ಣವಾಗುತ್ತದೆ.