ಬಾರಾಟಾಂಗಿಗೆ ಹೋಗುವ ದಾರಿ

"ದೇಶ ಸುತ್ತು, ಕೋಶ ಓದು" ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಪ್ರವಾಸದ ಪ್ರಕಟಣೆ ಹಲಗೆಯ ಮೇಲೆ ಬಂದ ದಿನ ಅದರ ಮೊದಲರ್ಧವೂ, ಪರೀಕ್ಷೆಯ ವೇಳಾಪಟ್ಟಿ ಬಂದ ದಿನ ಅದರ ಉತ್ತರಾರ್ಧವೂ ನಮಗೆ ನೆನಪಾಗುತ್ತವೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ ಹಿರಿಯರ ಉದ್ದೇಶವಾದರೋ ಬೇರೆಯೇ ಇದ್ದಿರಬೇಕು. ಕೆಲವು ಸ್ಥಳಗಳನ್ನು ಓದದೆ ಸುತ್ತಿದರೆ ಸುತ್ತಿದ್ದು ವ್ಯರ್ಥವಾಗುತ್ತದೆ, ಅಷ್ಟೆ. ಇನ್ನು ಕೆಲವನ್ನು ಓದದೆ ಸುತ್ತಿದರೆ ಸುತ್ತಿದವನಿಗೆ ಏನೂ ಆಗದೆ, ಅಲ್ಲಿ ಬದುಕಿರುವವರಿಗೆ ಕೇಡಾಗುತ್ತದೆ. ಈ ಎರಡನೆಯ ಬಗೆಯ ಒಂದು ಪ್ರವಾಸದ ವಿಚಾರವಾಗಿ ನನ್ನ ಸಹಪಾಠಿಗಳ ಮತ್ತು ಅಧ್ಯಾಪಕರ ಮುಂದೆ ನಾಲ್ಕು ಮಾತುಗಳನ್ನಿಡಬೇಕೆಂದಿದ್ದೇನೆ.

ಅಂಡಮಾನ್ ದ್ವೀಪಗಳು ಇಂದು ನಮಗೆ ದೂರವಲ್ಲ. ಒಂದು ಕಾಲಕ್ಕೆ "ಕಾಲಾಪಾನಿ" ಎಂಬ ಹೆಸರು ಕೇಳಿದರೆ ಜನ ನಡುಗುತ್ತಿದ್ದರು. ಈಗ ಪ್ರವಾಸದ ಮಾತು ಬಂದಾಗ ಊಟಿ, ಕೊಡೈಕನಾಲುಗಳ ಜೊತೆಗೆ ಅದರ ಹೆಸರೂ ಕೇಳಿಬರುತ್ತದೆ. ರಾಜಧಾನಿಗೆ ಪೋರ್ಟ್ ಬ್ಲೇರ್ ಎಂದು ಹೆಸರಿತ್ತು. ೨೦೨೪ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ಶ್ರೀ ವಿಜಯಪುರಂ ಎಂದು ಬದಲಾಯಿಸಿತು. ಪ್ರವಾಸದ ಏಜೆಂಟರು ಕೊಡುವ ಕಾರ್ಯಕ್ರಮದಲ್ಲಿ ಮೊದಲ ದಿನ ಸೆಲ್ಯುಲರ್ ಜೈಲು, ಮರುದಿನ ಒಂದೆರಡು ಸಣ್ಣ ದ್ವೀಪ. ಅನಂತರದ ಸಾಲು ಹೆಚ್ಚಾಗಿ ಹೀಗಿರುತ್ತದೆ: ಬಾರಾಟಾಂಗ್, ಒಂದು ದಿನದ ಪ್ರವಾಸ, ಸುಣ್ಣಕಲ್ಲಿನ ಗುಹೆ, ಕೆಸರಿನ ಜ್ವಾಲಾಮುಖಿ, ಕಾಂಡ್ಲಾ ಕಾಡು, ಮಾರ್ಗದರ್ಶಿ ಸಹಿತ.

ಆ ದಿನ ಚೆಲುವಿನದೆಂಬುದರಲ್ಲಿ ಸಂದೇಹವಿಲ್ಲ. ಮಿಡ್ಲ್ ಸ್ಟ್ರೇಟ್ ಎಂಬ ಕಿರಿದಾದ ಜಲಸಂಧಿಯನ್ನು ದಾಟಿದರೆ ಬಾರಾಟಾಂಗ್ ದ್ವೀಪ. ದಡದ ಊರಿನ ಹೆಸರು ನಿಲಾಂಬೂರ್. ೧೯೨೧ರ ಮಾಪಿಳ್ಳೆ ದಂಗೆಯ ತರುವಾಯ ಸೆರೆಯಾಳುಗಳಾಗಿ ಬಂದ ಮಲಬಾರಿನವರು ತಮ್ಮ ಊರುಗಳ ಹೆಸರನ್ನೇ ಹೊತ್ತು ತಂದರು. ಮಂಜೇರಿ, ವಂಡೂರ್, ನಿಲಾಂಬೂರ್‌ಗಳು ಹೀಗೆ ಸಮುದ್ರದ ಆಚೆಯೂ ಹುಟ್ಟಿಕೊಂಡವು. ಅಲ್ಲಿಂದ ಮುಂದೆ ಸಣ್ಣ ದೋಣಿಯಲ್ಲಿ ಕಾಂಡ್ಲಾ ಗಿಡಗಳ ನಡುವಿನ ಕೋಡಿಯಲ್ಲಿ ಸಾಗಬೇಕು. ನಮ್ಮ ಅಘನಾಶಿನಿಯ ಅಳಿವೆಯನ್ನು ಕಂಡವರಿಗೆ ಈ ಗಿಡದ ಪರಿಚಯವಿದೆ. ಊರುಗೋಲಿನಂಥ ಬೇರುಗಳನ್ನು ಕೆಸರಿಗಿಳಿಸಿ ಅದು ನಿಲ್ಲುತ್ತದೆ. ಅದರ ಕೆಲವು ಜಾತಿಗಳಲ್ಲಿ ಬೀಜವು ತಾಯಿಗಿಡದ ಮೇಲೆಯೇ ಮೊಳೆತು, ಮೊಳಕೆಯಾದ ಮೇಲೆ ಕೆಳಗೆ ಬೀಳುತ್ತದೆ. ಮಗುವನ್ನು ಬೆಳೆಸಿಯೇ ಉಪ್ಪುನೀರಿಗೆ ಒಪ್ಪಿಸುವ ತಾಯಿಯೆಂದರೂ ಸಲ್ಲುತ್ತದೆ.

ದೋಣಿಯಿಳಿದು ಸ್ವಲ್ಪ ದೂರ ನಡೆದರೆ ಗುಹೆ. ಮಳೆಯ ನೀರು ಗಾಳಿ ಮತ್ತು ಮಣ್ಣಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೆಳುವಾದ ಆಮ್ಲವಾಗುತ್ತದೆ. ಸುಣ್ಣಕಲ್ಲನ್ನು ಕರಗಿಸಿಕೊಂಡು ಗುಹೆಯ ಮಾಡಿನಿಂದ ತೊಟ್ಟಿಕ್ಕುವಾಗ ಆ ಸುಣ್ಣವನ್ನು ಮತ್ತೆ ಬಿಟ್ಟು ಹೋಗುತ್ತದೆ. ಹೀಗೆ ಇಳಿದ ಕಲ್ಲಿನ ಜಡೆಗಳು ಬೆರಳುದ್ದ ಬೆಳೆಯಲು ತಲೆಮಾರುಗಳೇ ಕಳೆಯಬೇಕು. ಇಂಥ ಗುಹೆಗಳಲ್ಲಿ ಮಾರ್ಗದರ್ಶಿಗಳು ತಪ್ಪದೆ ಹೇಳುವ ಮಾತೊಂದಿದೆ: ಕಲ್ಲನ್ನು ಮುಟ್ಟಬೇಡಿ, ಕೈಯ ಜಿಡ್ಡು ತಗುಲಿದರೆ ಅದರ ಬೆಳವಣಿಗೆ ಕೆಡುತ್ತದೆ. ಒಳ್ಳೆಯ ಮಾತು. ಕೆಸರಿನ ಜ್ವಾಲಾಮುಖಿಯಲ್ಲಿ ಬೆಂಕಿಯಿಲ್ಲ. ನೆಲದಾಳದ ಅನಿಲಗಳು ಕೆಸರನ್ನು ಮೇಲಕ್ಕೆ ತಳ್ಳಿ ಗುಳ್ಳೆಯೆಬ್ಬಿಸುತ್ತವೆ. ಅದಕ್ಕೂ ಸುತ್ತ ಬೇಲಿ ಹಾಕಿ ಕಾಪಾಡಿದ್ದಾರೆ. ಕಲ್ಲಿಗೆ ಕಾವಲಿದೆ, ಕೆಸರಿಗೆ ಬೇಲಿಯಿದೆ. ಆದರೆ ಇಲ್ಲಿಗೆ ಬಂದ ದಾರಿಯ ವಿಚಾರವೇನು?

ಆ ದಾರಿಯ ಹೆಸರು ಅಂಡಮಾನ್ ಟ್ರಂಕ್ ರಸ್ತೆ. ಪ್ರವಾಸಿಗರು ರಾತ್ರಿ ಮೂರು ಗಂಟೆಯ ಹೊತ್ತಿಗೇ ಎದ್ದು ಹೊರಟು ಜಿರ್ಕಾಟಾಂಗ್ ಎಂಬ ಠಾಣೆಯ ಮುಂದೆ ವಾಹನಗಳ ಸಾಲಿನಲ್ಲಿ ನಿಲ್ಲುತ್ತಾರೆ. ಬೆಳಕು ಹರಿದ ಮೇಲೆ ಗೇಟು ತೆರೆಯುತ್ತದೆ. ಪೊಲೀಸರ ಬೆಂಗಾವಲಿನಲ್ಲಿ ಬಸ್ಸು, ಕಾರುಗಳ ಮೆರವಣಿಗೆ ಕಾಡನ್ನು ಹೊಗುತ್ತದೆ. ನಿಲ್ಲಿಸಕೂಡದು, ಹಿಂದಿಕ್ಕಕೂಡದು, ಚಿತ್ರ ತೆಗೆಯಕೂಡದು, ತಿನಿಸು ಕೊಡಕೂಡದು ಎಂಬುದು ಅಲ್ಲಿನ ನಿಯಮ. ಏಕೆಂದರೆ ಮುಂದಿನ ಸುಮಾರು ೫೦ ಕಿಲೋಮೀಟರ್ ದೂರ ಆ ರಸ್ತೆ ಹಾಯುವುದು ಜರಾವಾ ಜನರ ನೆಲದಲ್ಲಿ. ಏಜೆಂಟರ ಪಟ್ಟಿಯಲ್ಲಿ ಗುಹೆಯಿದೆ, ಜ್ವಾಲಾಮುಖಿಯಿದೆ. ಇವರ ಹೆಸರು ಕಾನೂನಿಗೆ ಹೆದರಿ ಇರುವುದಿಲ್ಲ. ಆದರೆ ಕಿಟಕಿಯ ಬಳಿಯ ಕಣ್ಣುಗಳೆಲ್ಲ ಗುಹೆಗಿಂತ ಮೊದಲು ಹುಡುಕುವುದು ಇವರನ್ನೇ. ಬರೆಯದೆ ಬಿಟ್ಟ ಈ ಸಾಲೇ ಆ ದಿನದ ಮುಖ್ಯ ಆಕರ್ಷಣೆಯಾಗಿಬಿಟ್ಟಿದೆ.

ಇವರು ಯಾರು? ಸಾವಿರಾರು ವರ್ಷಗಳಿಂದ ಬೇಟೆ, ಮೀನು, ಜೇನು, ಗೆಡ್ಡೆಗೆಣಸುಗಳಿಂದ ಆ ಕಾಡಿನಲ್ಲಿ ಬದುಕಿ ಬಂದವರು. ತಮ್ಮನ್ನು ಅವರು "ಅಂಗ್" ಎಂದು ಕರೆದುಕೊಳ್ಳುತ್ತಾರೆ, ಮನುಷ್ಯರು ಎಂದರ್ಥ. "ಜರಾವಾ" ಎಂಬುದು ನೆರೆಯ ಬುಡಕಟ್ಟಿನವರ ಭಾಷೆಯ ಮಾತು. ಅದಕ್ಕೆ ಅಪರಿಚಿತರು ಎಂದು ಅರ್ಥ ಹೇಳುತ್ತಾರೆ. ತಮ್ಮ ಮನೆಯಲ್ಲೇ ಅಪರಿಚಿತರೆಂಬ ಹೆಸರು ಅವರ ಪಾಲಿಗೆ ಬಂದಿದೆ. ೨೦೧೧ರ ಜನಗಣತಿಯಲ್ಲಿ ಇವರ ಸಂಖ್ಯೆ ೩೮೦. ಇಡೀ ಒಂದು ಜನಾಂಗ, ಅದರ ಭಾಷೆ, ಅದರ ನೆನಪು, ಎಲ್ಲವೂ ಸೇರಿ ನಮ್ಮ ಕಾಲೇಜಿನ ಕೆಲವೇ ಹಾಜರಿಪಟ್ಟಿಗಳಲ್ಲಿ ಹಿಡಿಸುವಷ್ಟು!

ಅವರ ರಕ್ಷಣೆಗೆ ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಮೂಲನಿವಾಸಿಗಳ ರಕ್ಷಣೆಗಾಗಿ ೧೯೫೬ರಲ್ಲಿ ನಿಬಂಧನೆ ಬಂತು. ೧೯೫೭ರಲ್ಲಿ ಜರಾವಾ ಮೀಸಲು ಪ್ರದೇಶ ಏರ್ಪಟ್ಟಿತು. ಆದರೆ ಒಂದು ಕೈ ಬೇಲಿ ಕಟ್ಟುತ್ತಿದ್ದಂತೆ ಇನ್ನೊಂದು ಕೈ ರಸ್ತೆ ಕಡಿಯಿತು. ೧೯೭೦ರ ದಶಕದಲ್ಲಿ ರಸ್ತೆಯ ಕೆಲಸ ಕಾಡಿನೊಳಗೆ ಸಾಗಿದಾಗ ಜರಾವಾಗಳು ಬಿಲ್ಲುಬಾಣಗಳಿಂದ ತಡೆದರು. ರಸ್ತೆ ನಿಲ್ಲಲಿಲ್ಲ. ೨೦೦೧ರಲ್ಲಿ ಸುಪ್ರೀಂ ಕೋರ್ಟು ನೇಮಿಸಿದ ಶೇಖರ್ ಸಿಂಗ್ ಆಯೋಗವು ಮೀಸಲು ಪ್ರದೇಶದೊಳಗಿನ ರಸ್ತೆಯನ್ನು ಮುಚ್ಚಬೇಕೆಂದು ಸಲಹೆ ಮಾಡಿತು. ೨೦೦೨ರ ಮೇ ತಿಂಗಳಲ್ಲಿ ನ್ಯಾಯಾಲಯ ಅದನ್ನೊಪ್ಪಿ ಆದೇಶ ಕೊಟ್ಟಿತು. ಆದರೂ ರಸ್ತೆ ಮುಚ್ಚಲಿಲ್ಲ. ೨೦೧೨ರ ಜನವರಿಯಲ್ಲಿ ಬ್ರಿಟನ್ನಿನ ಒಂದು ಪತ್ರಿಕೆ ಚಲನಚಿತ್ರಿಕೆಯೊಂದನ್ನು ಹೊರಗೆಡಹಿತು. ತಿನಿಸಿನ ಆಸೆ ತೋರಿಸಿ ಜರಾವಾ ಹೆಣ್ಣುಮಕ್ಕಳನ್ನು ಪ್ರವಾಸಿಗರ ಮುಂದೆ ಕುಣಿಸುತ್ತಿದ್ದ ದೃಶ್ಯ ಅದು. ದೇಶ ತಲೆ ತಗ್ಗಿಸಿತು. ೨೦೧೩ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪ್ರವಾಸಿಗರ ಸಂಚಾರವನ್ನು ತಡೆಯಿತು. ಹೊಸ ಅಧಿಸೂಚನೆ ಹೊರಟ ಮೇಲೆ ಮಾರ್ಚಿನಲ್ಲಿ ಆ ತಡೆ ತೆರವಾಯಿತು. ಮೆರವಣಿಗೆ ಮತ್ತೆ ಹೊರಟಿತು.

"ನಾವೇನೂ ಕುಣಿಸುವವರಲ್ಲ, ಚಿತ್ರವನ್ನೂ ತೆಗೆಯುವುದಿಲ್ಲ, ಸುಮ್ಮನೆ ಹಾದುಹೋದರೆ ಏನು ನಷ್ಟ?" ಎಂದು ಕೇಳುವವರುಂಟು. ಇದಕ್ಕೆ ಉತ್ತರವನ್ನು ಆ ದ್ವೀಪಗಳ ಚರಿತ್ರೆಯೇ ಹೇಳುತ್ತದೆ. ೧೮೫೮ರಲ್ಲಿ ಬ್ರಿಟಿಷರು ಅಲ್ಲಿ ಕೈದಿಗಳ ವಸಾಹತು ಹೂಡಿದಾಗ ಗ್ರೇಟ್ ಅಂಡಮಾನೀಯರು ಸಾವಿರಗಟ್ಟಲೆ ಇದ್ದರು. ಅವರನ್ನು "ಸುಧಾರಿಸಲು" ೧೮೬೩ರಲ್ಲಿ ಅಂಡಮಾನ್ ಹೋಮ್ ಎಂಬ ನಿಲಯವನ್ನೂ ತೆರೆದರು. ಹೊಸ ಜನರೊಡನೆ ಹೊಸ ರೋಗಗಳು ಬಂದವು. ೧೮೭೭ರ ದಡಾರ ಹಳ್ಳಿಹಳ್ಳಿಗಳನ್ನೇ ಗುಡಿಸಿತು. ೧೯೦೧ರ ಗಣತಿಗೆ ಉಳಿದವರು ೬೨೫, ೧೯೬೧ಕ್ಕೆ ೧೯. ಅವರಲ್ಲಿ ಬೋ ಭಾಷೆಯನ್ನು ಬಲ್ಲ ಕೊನೆಯ ಜೀವ, ಬೋವಾ ಸೀನಿಯರ್ ಎಂಬ ವೃದ್ಧೆ, ೨೦೧೦ರ ಜನವರಿಯಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಆಕೆಗೆ ತನ್ನ ತಾಯಿನುಡಿಯಲ್ಲಿ ಮಾತಾಡಲು ಒಬ್ಬರೂ ಇರಲಿಲ್ಲ. ಭಾಷೆ, ಸಾಹಿತ್ಯಗಳನ್ನು ಓದುವ ನಮಗೆ ಇದಕ್ಕಿಂತ ದೊಡ್ಡ ಮೌನ ಬೇರೆ ಬೇಕೆ?

ಜರಾವಾಗಳು ಇಷ್ಟು ದಿನ ಉಳಿದುದು ನಮ್ಮಿಂದ ದೂರವಿದ್ದುದರಿಂದಲೇ. ಅವರು ೧೯೯೭ರ ಕೊನೆಯ ವೇಳೆಗೆ ಬಿಲ್ಲುಬಾಣಗಳಿಲ್ಲದೆ ತಾವಾಗಿ ಹೊರಗೆ ಬರತೊಡಗಿದರು. ೧೯೯೯ರಲ್ಲಿ ಅವರಲ್ಲಿ ದಡಾರ ಹರಡಿತು. ನಮಗೆ ಎರಡು ದಿನದ ನೆಗಡಿಯಾದದ್ದು ಅವರಿಗೆ ಪ್ರಾಣಕ್ಕೆ ಬರಬಹುದು. ಹತ್ತು ರಾಜ್ಯಗಳಿಂದ ಬಂದ ಜನ ದಿನದಿನವೂ ಸಾಲುಸಾಲಾಗಿ ಆ ಕಾಡಿನ ನಡುವೆ ಹೋಗಿಬರುವುದನ್ನು "ಸುಮ್ಮನೆ ಹಾದುಹೋಗುವುದು" ಎನ್ನಲು ನನಗೆ ಧೈರ್ಯವಿಲ್ಲ. ಕೈಯ ಜಿಡ್ಡು ಕಲ್ಲಿಗೆ ಕೇಡೆಂದು ಗುಹೆಯಲ್ಲಿ ಒಪ್ಪುವ ನಾವು, ದಾರಿಯಲ್ಲಿ ಮನುಷ್ಯರ ಮಾತು ಬಂದಾಗ ಅದನ್ನೇಕೆ ಒಪ್ಪಬಾರದು?

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. "ಅವರನ್ನು ಹೀಗೆ ಕಾಡಿನಲ್ಲೇ ಇಟ್ಟು, ಶಾಲೆ ಆಸ್ಪತ್ರೆಗಳಿಂದ ದೂರಮಾಡುವುದು ನ್ಯಾಯವೆ? ಅವರೇನು ಪ್ರದರ್ಶನದ ವಸ್ತುಗಳೇ?" ಎಂದು ಕೆಲವು ಮಿತ್ರರು ಕೇಳುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದುದು. ಆದರೆ ಪ್ರವಾಸದ ಬಸ್ಸು ಶಾಲೆಯನ್ನು ಒಯ್ಯುವುದಿಲ್ಲ, ಔಷಧವನ್ನು ಒಯ್ಯುವುದಿಲ್ಲ. ಅದರಿಂದ ಅಲ್ಲಿಗೆ ತಲುಪಿರುವುದು ಬಿಸ್ಕತ್ತು, ತಂಬಾಕು ಮತ್ತು ಕೀಳುನೋಟ. ಪ್ರದರ್ಶನದ ವಸ್ತುಗಳಲ್ಲವೆಂಬುದೇ ನಿಜವಾದರೆ ಕಿಟಕಿಯ ಬಳಿ ಕುಳಿತು ಅವರಿಗಾಗಿ ಕಾಯುವುದೇಕೆ? ೧೯೯೬ರಲ್ಲಿ ಕಾಲು ಮುರಿದುಕೊಂಡ ಜರಾವಾ ಹುಡುಗನೊಬ್ಬನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಮಾಡಿ ಕಾಡಿಗೆ ಮರಳಿ ಕಳಿಸಿದರು. ಬೇಕೆಂದಾಗ ನೆರವಾಗುವ ರೀತಿ ಅದು. ೨೦೦೪ರ ಜರಾವಾ ನೀತಿಯೂ ಹೊರಗಿನವರ ಹಸ್ತಕ್ಷೇಪ ಆದಷ್ಟು ಕಡಿಮೆಯಿರಬೇಕೆಂದೇ ಹೇಳುತ್ತದೆ. ನಾಳೆ ಅವರು ನಮ್ಮ ಬದುಕನ್ನು ಬಯಸಿ ಬಂದರೆ ಬರಲಿ, ಬೇಡವೆಂದರೆ ಬಿಡಲಿ. ಹೆಜ್ಜೆ ಅವರದಾಗಿರಬೇಕು, ವೇಗವೂ ಅವರದೇ ಆಗಿರಬೇಕು.

ಮೂರನೆಯದು ಹೊಟ್ಟೆಯ ಪ್ರಶ್ನೆ. ಬಾರಾಟಾಂಗಿನ ದೋಣಿಯವರು, ಮಾರ್ಗದರ್ಶಿಗಳು, ರಾಜಧಾನಿಯ ಚಾಲಕರು ಈ ಪ್ರವಾಸದಿಂದ ಅನ್ನ ಕಾಣುತ್ತಿದ್ದಾರೆ. ಮಧ್ಯ ಮತ್ತು ಉತ್ತರ ಅಂಡಮಾನಿನಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆಸಿದವರ ಕುಟುಂಬಗಳಿವೆ. ರೋಗಿಯನ್ನು ದೊಡ್ಡ ಆಸ್ಪತ್ರೆಗೆ ತರಲು, ತರಕಾರಿಯನ್ನು ಪೇಟೆಗೆ ಮುಟ್ಟಿಸಲು ಅವರಿಗೆ ದಾರಿ ಬೇಕು. ಅವರ ಅಗತ್ಯವನ್ನು ಇಲ್ಲಿ ಕುಳಿತು ಅಲ್ಲಗಳೆಯುವ ಅಧಿಕಾರ ನಮಗಿಲ್ಲ. ಅವರಿಗೆ ಸಮುದ್ರದ ಮೂಲಕ ಸಾಕಷ್ಟು ಹಡಗುಗಳನ್ನು ಒದಗಿಸುವುದು ಸರ್ಕಾರದ ಕರ್ತವ್ಯ, ಅದು ನಿಧಾನವಾಗಬಹುದು. ಆದರೆ ರೋಗಿಯ ಅಗತ್ಯವನ್ನು ಮುಂದೆ ಮಾಡಿಕೊಂಡು ಪ್ರವಾಸಿ ತನ್ನ ಕುತೂಹಲವನ್ನು ಅದರ ಹಿಂದೆ ಅಡಗಿಸಕೂಡದು. ಅವನಿಗೆ ಆ ದಾರಿ ಅನಿವಾರ್ಯವಲ್ಲ. ದೋಣಿಯವನ ನಷ್ಟ ನಿಜವಾದುದೇ. ಅದನ್ನು ತುಂಬಿಕೊಡಲು ಮಾರ್ಗಗಳುಂಟು. ಹೋದ ಭಾಷೆಯನ್ನು ತುಂಬಿಕೊಡಲು ಮಾರ್ಗವಿಲ್ಲ.

ಹಾಗಾದರೆ ಅಂಡಮಾನಿಗೆ ಹೋಗಲೇಬಾರದೆ? ಅವಶ್ಯವಾಗಿ ಹೋಗಬೇಕು. ಏಳು ಕವಲುಗಳಲ್ಲಿ ಮೂರು ಮಾತ್ರ ಉಳಿದಿರುವ ಸೆಲ್ಯುಲರ್ ಜೈಲಿನ ಕೋಣೆಗಳ ಮುಂದೆ ಒಂದು ಗಳಿಗೆ ಮಾತಿಲ್ಲದೆ ನಿಲ್ಲಬೇಕು. ೨೦೧೮ರಲ್ಲಿ ನೇತಾಜಿಯವರ ಹೆಸರು ಪಡೆದ ರಾಸ್ ದ್ವೀಪದಲ್ಲಿ, ಆಳಿದವರ ಮಹಲುಗಳ ಗೋಡೆಗಳನ್ನು ಆಲದ ಬೇರುಗಳು ಅಪ್ಪಿಕೊಂಡಿರುವುದನ್ನು ನೋಡಬೇಕು. ೧೮೮೩ರಲ್ಲಿ ಆರಂಭವಾದ ಚಾಥಮ್ ಮರಗೆಲಸದ ಕಾರ್ಖಾನೆಯಿದೆ. ೧೯೮೩ರಲ್ಲಿ ಸ್ಥಾಪಿತವಾದ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ ಹವಳದ ದಿಬ್ಬಗಳಿವೆ. ಅಲ್ಲಿ ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ಎಂಬ ಎರಡು ದ್ವೀಪಗಳನ್ನು ಸರದಿಯ ಮೇಲೆ ತೆರೆಯುತ್ತಾರೆ, ಒಂದು ತೆರೆದಿರುವಾಗ ಇನ್ನೊಂದಕ್ಕೆ ಬಿಡುವು. ದ್ವೀಪವಾಸಿಗಳ ಬಾಳನ್ನು ಅವರ ಮನೆಗೆ ನುಗ್ಗದೆ ತಿಳಿಯಬೇಕೆಂಬವರಿಗೆ ೧೯೭೫ರಲ್ಲಿ ತೆರೆದ ಮಾನವಶಾಸ್ತ್ರದ ವಸ್ತುಸಂಗ್ರಹಾಲಯವಿದೆ. ಒಂದು ದಿನವೇನು, ಮೂರು ದಿನ ಸುತ್ತಿದರೂ ಮುಗಿಯದು.

ಆದ್ದರಿಂದ ನನ್ನ ಸೂಚನೆ ಸರಳವಾದುದು. ನಮ್ಮ ಕಾಲೇಜಿನ ತಂಡ ಎಂದಾದರೂ ಅಂಡಮಾನಿಗೆ ಹೊರಟರೆ ಏಜೆಂಟರ ಪಟ್ಟಿಯಿಂದ ಬಾರಾಟಾಂಗಿನ ಸಾಲನ್ನು ಅಧ್ಯಾಪಕರು ಮೊದಲೇ ಹೊಡೆದುಹಾಕಲಿ. ಕಾರಣವನ್ನು ಆ ಏಜೆಂಟರಿಗೂ ಬರೆದು ತಿಳಿಸಲಿ. ಹತ್ತು ಕಾಲೇಜುಗಳು ಹೀಗೆ ಬರೆದರೆ ಪಟ್ಟಿ ತಾನಾಗಿ ಬದಲಾಗುತ್ತದೆ. ಹೊರಡುವ ಮೊದಲು ಚರಿತ್ರೆಯ ವಿಭಾಗದವರು ಒಂದು ಸಂಜೆ ಆ ದ್ವೀಪಗಳ ಕಥೆಯನ್ನು ನಮಗೆ ಹೇಳಲಿ. ಗುಹೆಯೊಂದನ್ನು ಕಾಣದೆ ಬಂದೆವೆಂಬ ಕೊರತೆ ನಮಗೆ ಉಳಿದೀತು. ಉಳಿಯಲಿ, ಅಷ್ಟು ಕೊರತೆಯನ್ನು ಹೊರುವ ಶಕ್ತಿ ವಿದ್ಯಾವಂತರಿಗೆ ಇರಬೇಕು.